ಮೂರು ತಂಬಿಗಿ ನೀರು

...ಹಂಗ್ಯಾಕ ನೋಡಾಕತ್ತಿ, ಸಕ್ರವ್ವಾ? ನಾನ, ನಿಮ್ಮ ಇಂಗ್ಲಿಷ್ ಸಾಲಿ ಮಿಸ್. ಹೌದು, ಕನ್ನಡಾನ ಮಾತಾಡಾಕತ್ತೇನಿ. ಬಾಯಿ ಮುಚ್ಚವ್ವ, ನೊಣ ಹೊಕ್ಕೀತು! ನಕ್ಕಿಯೇನು? ಇಲ್ಲ... ನಗಲಿಲ್ಲ. ಇರಲಿ, ಇರಲಿ.

ನಿಮ್ಮ ಆಯಿ ಬಾಜೂ ಮನಿಗೆ ಸಕ್ಕರಿ ತರಾಕ ಹೋಗ್ಯಾಳ, ನನಗ ಚಾ ಮಾಡಬೇಕಂತ. ಬ್ಯಾಡಬೇ ಲಕ್ಕವ್ವ, ಅಂದೆ. ಕೇಳಬೇಕಲ್ಲ! ಆಕಿ ಬರೂದರಾಗ ನಾವಿಬ್ಬರ ಒಂಚೂರು ಮಾತಾಡೂನು, ಬಾ. ಇಲ್ಲೇ ಕುಂಡ್ರು. ಬ್ಯಾಡಾ? ಕಂಬ ಹಿಡಕೊಂಡ ನಿಂದ್ರತೀಯಾ? ನಿಂದ್ರು, ನಿಂದ್ರು.

ಮಿಸ್‌ಗೆ ಕನ್ನಡ ಎಲ್ಲಿಂದ ಬಂತು ಅಂತ ವಿಚಾರ ಮಾಡಾಕತ್ತಿ, ಹೌದಿಲ್ಲೋ? ಕಲತೇನಿ! ದೀಪಾವಳಿಗೆ ಸಾಲಿ ಸೂಟಿ ಬಿಟ್ಟಾಗ ಕುಂತು ಕಲತೇನಿ. ಹದಿನೈದ ದಿನದಾಗ. ನಿನ್ನ ಸಲುವಾಗಿ, ನನ್ನವ್ವ... ಯಾಕ, ನಂಬಿಕಿ ಬರವಲ್ದೇನು? ನೋಡ ನೋಡ, ಹೆಂಗ ಹುಬ್ಬ ಗಂಟ ಹಾಕ್ಯಾಳ! ನಮ್ಮ ಹೊನವಾಡದಾಗ ಹಿಂಗ ಮುಖ ಮಾಡಿದವರಿಗೆ ಹಸಿ ಮೆಣಸಿನಕಾಯಿ ನುಂಗ್ಯಾಳ ಅಂತಾರ...

ಹೊನವಾಡ ಅಂದೆನೇನು? ಅಲ್ಲ... ಪುಣೆ. ಪುಣೆದಾಗ ಹಂಗ ಅಂತಾರ. ನಾ ಪುಣೆದಾಕಿ ಅಂತ ದೊಡ್ಡ ಮಿಸ್ ನಿಮ್ಮೆಲ್ಲಾರಿಗೂ ಹೇಳ್ಯಾರಲ್ಲ... ಹಂಗ ನೋಡಬ್ಯಾಡ. ಕಳ್ಳನ ಮನಸ ಹುಳ್ಳುಳ್ಳಗ ಅಂತಾರ, ನನಗೂ ಹಂಗ ಆಕ್ಕೈತಿ.

ಎಲ್ಲಿ ಹೊಂಟಿ? ಒಳಗ್ಯಾಕ? ಸಕ್ರವ್ವಾ...

ಓ! ನೀರು ತಂದಿ! ನೋಡು, ಮನಿಗೆ ಬಂದವರಿಗೆ ಮೊದಲ ತಂಬಿಗಿ ತುಂಬ ನೀರು ಕೊಡಬೇಕಂತ ನಿಮ್ಮವ್ವ ಕಲಿಸ್ಯಾಳ. ಶ್ಯಾಣ್ಯಾಕಿ. ಕೊಡು... ಆಹಾ, ಬಬಲೇಶ್ವರದ ನೀರ ತಂಪ ಅದಾವ. ಬಸ್ಸಿನ್ಯಾಗ ಧೂಳ ಕುಡದು ಕುಡದು ಗಂಟಲಾ ಒಣಗಿತ್ತು. ಎಲ್ಲಾ ಕುಡೀಲಿ? ಕುಡದೆ. ಹಿಡಿ.

ಒಂದ ಮಾತ ಕೇಳಲಿ? ಆಯಿ ಹೇಳಿದಳು, ಶ್ರಾವಣದಿಂದ ಈಕಡೆ ನೀ ತುಟಿ ಬಿಚ್ಚಿಲ್ಲಂತ. ವಿಜಾಪುರದಾಗ ನಿಮ್ಮ ಮಾವನ ಮನ್ಯಾಗೂ ಇಲ್ಲ, ಇಲ್ಲಿಗೆ ಕರಕೊಂಡ ಬಂದ ಮ್ಯಾಲೂ ಇಲ್ಲ. ಹಸಿವಿ ಅನ್ನೂದಿಲ್ಲ, ನೀರ ಬೇಕು ಅನ್ನೂದಿಲ್ಲ. ಆರು ವರ್ಷದ ನನ್ನ ಮೊಮ್ಮಗಳ ಬಾಯಿಗೆ ಯಾರ ಬೀಗ ಹಾಕಿದರು ಅಂತ ಆಯಿ ಅತ್ತಳು. ಅವ್ವ ಸತ್ತ ದುಃಖ, ಅಷ್ಟ... ಊರೆಲ್ಲಾ ಹಂಗ ಅಂತೈತಿ. ನಾನೂ ಹಂಗ ಅಂದೆ. ಮತ್ತೇನಿದ್ದೀತು? ಅಲ್ಲೇನು?

ತಲಿ ಅಲ್ಲಾಡಿಸಿದಿ. ಹೌದಂತೋ, ಅಲ್ಲಂತೋ?

ಅವತ್ತಿಂದು ನೆನಪೈತೇನು ನಿನಗ... ನಾ ಆ ಜೀಪು ನೋಡಲಿಲ್ಲ, ತಂಗಿ. ಖರೇನ. ಗೇಟಿನ ಕಡೆ ಬೆನ್ನು ಮಾಡಿ ಬೋರ್ಡಿನ ಮ್ಯಾಲ ಬರಿಯಾಕತ್ತಿದ್ದೆ. ನೀ ಎದ್ದ ನಿಂತಿ, ಏನೋ ಅಂದಿ. ನನಗ ಅವಾಗ ಕನ್ನಡ ಎಲ್ಲಿ ಬರತಿತ್ತು? ಇಂಗ್ಲಿಷಿನ್ಯಾಗ ಹೇಳು ಅಂದೆ. ಅದು ಸಾಲಿ ಕಟ್ಟಳಿ. ಹೊಚ್ಚಲಾ ದಾಟಿ ಒಳಗ ಬಂದರ ಮಿಸ್‌ಗೆ ಇಂಗ್ಲಿಷ್ ಬಿಟ್ಟು ಬ್ಯಾರೆ ಮಾತ ತಿಳಿಯಂಗಿಲ್ಲ. ಹಂಗ ಮಾಡಿದರ ಹುಡುಗೂರು ಲಗೂ ಕಲೀತಾರಂತ. ನಾಡಿಗೆ ಕರ್ನಾಟಕ ಅಂತ ಹೆಸರಿಟ್ಟು ಇನ್ನೂ ವರ್ಷ ಆಗಿರಲಿಲ್ಲ, ಕೂಸುಗೋಳಿಗೆ ಕನ್ನಡ ಬಂದ್!

ಆಮ್ಯಾಲ ನೀ ಇಂಗ್ಲಿಷಿನ್ಯಾಗ ಕೇಳಿದಿ. ‘ಮೇ ಐ ಡ್ರಿಂಕ್ ವಾಟರ್, ಮಿಸ್?’ ಎರಡ ತಿಂಗಳದಾಗ ನೀ ಪೂರಾ ಕಲತದ್ದು ಅದೊಂದ ಮಾತು. ಎಷ್ಟ ಚಂದ ಕೇಳಿದಿ! ನೀರಡಿಕಿ ಆಗೇತಿ ಅಂತ ತಿಳಕೊಂಡು, ನನ್ನ ಟೇಬಲ್ ಮ್ಯಾಲಿನ ತಂಬಿಗಿ ನೀರು...

ಮತ್ತ ಯಾಕ ಒಳಗ ಹೋದಿ? ಮಾತ ಕೇಳು, ಬಾ...

ಇನ್ನೊಂದಾ? ಸಾಕವ್ವ, ಈಗ ಕುಡದೆನಲ್ಲ. ಒಲ್ಲೆ... ಕೈ ಚಾಚೇ ನಿಂತಿಯಲ್ಲ. ಆತು, ಕೊಡು. ನಿನ್ನ ಮನಸ ಯಾಕ ಮುರೀಲಿ. ತಡಿ, ಒಂದ ಉಸರಿಗೆ ಕುಡಿಯಾಕ ಆಗವಲ್ದು...

ಹೌದು. ಬ್ಯಾರೆ ದಿನ ಯಾರರ ನೀರ ಕೇಳಿದರ ಹೊರಗ ನಳಕ್ಕ ಕಳಸತಿದ್ದೆ. ನಳ ಗೇಟಿನ ಮಗ್ಗಲಕ ಐತಿ. ನಿನಗೂ ಗೊತ್ತು, ನನಗೂ ಗೊತ್ತು. ಅವತ್ತ ಕಳಸಲಿಲ್ಲ. ಯಾಕಂದರ... ದೊಡ್ಡ ಮಿಸ್ ಬಾಗಲದಾಗ ನಿಂತಿದ್ದರು. ನನ್ನ ಪಾಠ ನೋಡಾಕ ಬಂದಿದ್ದರು. ನನ್ನ ನೌಕರಿ ಕಾಯಂ ಮಾಡೂದೋ ಮನಿಗೆ ಕಳಸೂದೋ, ಅವತ್ತ ಆಗಬೇಕಿತ್ತು. ಹೊನವಾಡದಾಗ ನಮ್ಮಪ್ಪ ಹಾಸಿಗಿ ಹಿಡದಾನ... ಹ್ಞೂಂ, ಹೊನವಾಡ. ಪುಣೆ ಅಲ್ಲ. ಪುಣೆ ನಾ ಕಣ್ಣಿಲೆ ಸೈತ ಕಂಡಿಲ್ಲ. ನನ್ನ ಹೆಸರ ಗುರುಬಸವ್ವ. ಕನ್ನಡ ಬರತೈತಿ ಅಂತ ಹುಡುಗೂರಿಗೆ ಗೊತ್ತಾದರ ನಿನ್ನ ಕೆಲಸ ಹೋತು ಅಂದಿದ್ದರು. ಹೊಟ್ಟಿಪಾಡು, ಯವ್ವಾ... ಇದು ನಿನಗೆಂಗ ತಿಳಿದೀತು?

ಆದರ ಜೀಪಿಂದು ಖರೇನ ಗೊತ್ತಿರಲಿಲ್ಲ. ಅದೊಂದ ನಂಬು...

ಬ್ಯಾಡ. ಮತ್ತ ಹೋಗಬ್ಯಾಡ, ಸಕ್ರವ್ವಾ. ಸಾಕು. ಸಾಕಂದೆನಲ್ಲ...

...ಮೂರನೇದು.

ಯಪ್ಪಾ. ಲೆಕ್ಕ ಇಟ್ಟೀಯಲ್ಲಾ, ನನ್ನ ಕೂಸ. ಅವತ್ತೂ ಮೂರ. ನೀ ಮೂರ ಸಲ ಕೇಳಿದಿ, ನಾ ಮೂರ ಸಲ ಕುಡಿಸಿದೆ. ಕಿಡಕಿ ಕಡೆ ನೋಡಕೋತ ನೋಡಕೋತ ಕುಡದಿ. ನೀರು ಗದ್ದದ ಮ್ಯಾಲಿಂದ ಅಂಗಿ ತುಂಬ ಇಳದವು. ಮೂರನೇದು ಮುಗಿಯೂದರಾಗ ಜೀಪು ಇರಲಿಲ್ಲ.

ಕೊಡು. ಕುಡೀತೇನಿ. ಇಳೀವಲ್ದು, ಆದರೂ ಕುಡೀತೇನಿ.

ನಾ ನೋಡಿದೆ. ಎಲ್ಲಾ ನೋಡಿದೆ. ಮಿರಜಿ ದವಾಖಾನಿಗೆ ಹೊಂಟ ಜೀಪು ಅದು. ನಿನ್ನ ಮುಖ ನೋಡಬೇಕಂತ ದಾರಿ ಸುತ್ತ ಹಾಕಿ ವಿಜಾಪುರದ ನಮ್ಮ ಸಾಲಿಗೆ ಬಂದಿತ್ತು. ನಿಮ್ಮವ್ವ ದುಂಡವ್ವ ಹಸರ ಸೀರಿ ಉಟ್ಟು ಆಯಿ ಹೆಗಲಿಗೆ ಒರಗಿದ್ದಳು. ನನ್ನ ನೋಡಿ ಕೈ ಮುಗದಳು. ಕೈ ಮುಗದಳು, ತಂಗಿ, ನನಗ! ಈಗ ಆಯಿ ಹೇಳಿದಳು, ಮಿರಜಿ ತನಕ ಅದನ್ನ ಅಂದಳಂತ: ‘ನನ್ನ ಸಕ್ರಿ ಎದ್ದ ನಿಂತು ಇಂಗ್ಲಿಷ್ ಹೇಳಾಕತ್ತಿದ್ದಳು. ಪಾಠ ಕೆಡಸೂದು ಬ್ಯಾಡಂತ ಬಂದೆ.’ ನೀ ಪಾಠ ಒಪ್ಪಸಾಕತ್ತಿ ಅಂತ ತಿಳದಳು. ಖುಷೀಲೆ ಹೋದಳು. ನೀ ಕರಿಯಾಕತ್ತಿದ್ದಿ, ಆಕಿ ಖುಷಿ ಪಟ್ಟಳು. ನಡುವ ನಾ ನಿಂತಿದ್ದೆ, ತಂಬಿಗಿ ಹಿಡಕೊಂಡು.

ಮೂರನೇ ದಿನ ಆಕಿ...

ಹೌದು, ಹೌದು, ನೋಡು, ಹಂಗ ನೋಡು. ನೀ ಮೊದಲ ಏನಂದಿದ್ದಿ? ‘ಮಿಸ್, ನಮ್ಮವ್ವ ಬಂದಾಳ. ಒಮ್ಮಿ ನೋಡಿ ಬರತೇನಿ.’ ಇಷ್ಟ ಅಂದಿದ್ದಿ. ಒಂದ ಅಕ್ಷರ ಬಿಡಲಾರದ ತಿಳಿದಿತ್ತು ನನಗ. ನಿನ್ನ ಹೊರಗ ಬಿಟ್ಟರ ಅದು ದೊಡ್ಡ ಮಿಸ್‌ಗೆ ಗೊತ್ತಾಗತಿತ್ತು. ದಿನಾ ರಾತ್ರಿ ಕಿವ್ಯಾಗ ಕೇಳತೈತಿ.

ಅಗೋ, ಆಯಿ ಬಂದಳು. ಚಪ್ಪಲಿ ಸಪ್ಪಳ ಕೇಳವಲ್ದೇನು? ಈಗ ನಾ ಸುಮ್ಮನ ಚಾ ಕುಡದು ಬಸ್ಸಿಗೆ ಹೋದರ ಯಾರಿಗೂ ಗೊತ್ತಾಗೂದಿಲ್ಲ. ನೀ ಹೇಳಂಗಿಲ್ಲಂತ ಗೊತ್ತೈತಿ ನನಗ. ಅದಕ್ಕ ಬಂದೆನೋ ಏನೋ, ನೀ ಬಾಯಿ ಬಿಟ್ಟೀಯೋ ಇಲ್ಲೋ ನೋಡಾಕ...

ಬ್ಯಾಡ. ಹೇಳು. ನಿಮ್ಮ ಆಯಿಗೆ ಹೇಳು, ನನ್ನವ್ವಾ. ನನ್ನ ಕಡೆ ಬಟ್ಟ ಮಾಡಿ ಹೇಳು. ಬೈದು ಹೇಳು. ಕನ್ನಡದಾಗ ಹೇಳು, ಸಕ್ರವ್ವಾ...

ನನಗ ತಿಳೀತೈತಿ.