ಹೊಂಗೆಮರಕ್ಕೆ ಗ್ರಾನೈಟಿನ ಸನ್ಮಾನ

ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಚಿಕ್ಕಬೈರಪ್ಪನವರೇ, ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ರಘು ಅವರೇ, ಊಟದ ವಾಸನೆ ಬರುತ್ತಿದ್ದರೂ ಎದ್ದುಹೋಗದೆ ಕೂತಿರುವ ಜರಗನಹಳ್ಳಿಯ ಸಭಿಕರೇ,

ಪರಿಸರ ಸೇವೆಗೆಂದು ನನಗೆ ಶಾಲು ಹೊದಿಸಿದ್ದೀರಿ. ಏಪ್ರಿಲ್ ತಿಂಗಳಲ್ಲಿ ಉಣ್ಣೆಯ ಶಾಲು. ಇರಲಿ, ಸಂತೋಷ. ನಾನು ಮಾಡಿದ್ದಾದರೂ ಏನು? ಮನೆ ಮುಂದೆ ಒಂದು ಹೊಂಗೆಸಸಿ ನೆಟ್ಟೆ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟು ಅದಕ್ಕೆ ಸುರಿದೆ. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದ ಬೇಸಿಗೆಯಲ್ಲಿ, ನೀವೂ ನಿಮ್ಮ ಮನೆ ಮುಂದಿನ ಗಿಡಕ್ಕೆ ಒಂದೊಂದು ಬಕೆಟ್ ಹಾಕಿ ಎಂದು ಮನೆಮನೆಗೆ ಹೋಗಿ ಬೇಡಿಕೊಂಡೆ. ಕೆಲವರು ನೀರು ಹಾಕಿದಿರಿ, ಕೆಲವರು ಗೇಟು ಹಾಕಿದಿರಿ. ಆದರೂ ಈಗ ನಮ್ಮ ರಸ್ತೆಯಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಡೆಯಬಹುದು. ಪಕ್ಕದ ರಸ್ತೆಯಲ್ಲಿ ನಡೆದು ನೋಡಿ.

ನಮ್ಮ ಯಜಮಾನರು ಗಂಗಾಧರಯ್ಯನವರಿಗೆ ಆ ಜಾಗ ಕಾರು ನಿಲ್ಲಿಸಲು ಬೇಕಿತ್ತು. ಸಸಿ ನೆಟ್ಟದ್ದಕ್ಕೆ ನನ್ನೊಡನೆ ಮಾತು ಬಿಟ್ಟಿದ್ದರು. ಕಾಯಿಲೆ ಬಿದ್ದ ಮೇಲೆ ಮನೆಯೊಳಗಿನ ಸೆಕೆ ತಡೆಯಲಾರದೆ ಅದೇ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಬಕೆಟ್ಟು ಎತ್ತುವ ಶಕ್ತಿ ಇರಲಿಲ್ಲ, ಚೊಂಬಿನಲ್ಲಿ ಸುರಿಯುತ್ತಿದ್ದರು. "ಸುಧಾ, ನಾನಿಲ್ದಿದ್ರೂ ಇದಕ್ಕೆ ನೀರು ತಪ್ಪಿಸ್ಬೇಡ ಕಣೆ" ಅಂದಿದ್ದರು. ಅವರು ಹೋದ ಮೇಲೂ ಆ ಕುರ್ಚಿಯನ್ನು ನಾನು ಒಳಗೆ ತೆಗೆದಿಟ್ಟಿಲ್ಲ. ಇದನ್ನೆಲ್ಲ ಮೈಕಿನಲ್ಲಿ ಯಾಕೆ ಹೇಳುತ್ತಿದ್ದೇನೋ. ವಿಷಯಕ್ಕೆ ಬರುತ್ತೇನೆ.

ಮೊನ್ನೆ ನಾನು ಇಲ್ಲೇ ಶ್ರೀನಗರ ಬಡಾವಣೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ, ಸಂಘದವರು ನನ್ನನ್ನು ಕೇಳದೆ ಮರಕ್ಕೂ ಸನ್ಮಾನ ಮಾಡಿಬಿಟ್ಟಿದ್ದಾರೆ. ಬುಡಕ್ಕೆ ಒತ್ತಿ ಸಿಮೆಂಟು, ಅದರ ಮೇಲೆ ಗ್ರಾನೈಟು, ಗ್ರಾನೈಟಿನ ಮೇಲೆ ನನ್ನ ಹೆಸರು, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ದಾನಿಗಳ ಹೆಸರು. "ಆಂಟಿ, ಇನ್ಮೇಲೆ ಕೆಸರೇ ಇರಲ್ಲ, ಎಷ್ಟು ನೀಟಾಗಿದೆ ನೋಡಿ" ಎಂದರು ರಘು. ಇವತ್ತು ಬೆಳಿಗ್ಗೆ ಎಂದಿನಂತೆ ಅಕ್ಕಿ ತೊಳೆದ ನೀರು ಸುರಿದೆ. ಅಷ್ಟೂ ನೀರು ಗ್ರಾನೈಟಿನ ಮೇಲೆ ಜಾರಿ ಮೋರಿಗೆ ಹೋಯಿತು.

ಮರ ಏನು ಕುಡಿಯಬೇಕು ಸ್ವಾಮಿ? ನನ್ನ ಹೆಸರು ಓದಿಕೊಂಡು ಬದುಕಬೇಕೇ? ಭೂಮಿ ಬಿಸಿಯಾಗುತ್ತಿದೆ ಎಂದು ಈಗತಾನೇ ಇದೇ ವೇದಿಕೆಯಲ್ಲಿ ಎಲ್ಲರೂ ಮರುಗಿದಿರಿ. ಇಡೀ ಭೂಮಿ ನಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಮರದ ಬುಡದ ಒಂದಿಷ್ಟು ಮಣ್ಣು ನಮ್ಮ ಕೈಯಲ್ಲಿತ್ತಲ್ಲ? ಅದನ್ನೂ ಮುಚ್ಚಿಬಿಟ್ಟರೆ ಹೇಗೆ?

ಚಿಕ್ಕಬೈರಪ್ಪನವರೇ, ನೀವು ಇದೇ ನೆಲದಲ್ಲಿ ರಾಗಿ ಬೆಳೆದವರು, ನಿಮಗೆ ನಾನು ಹೇಳಿಕೊಡಬೇಕೇ? ನಿಮ್ಮ ಮನೆಯಲ್ಲಿ ಹಾರೆ ಇದೆ, ನನಗೆ ಗೊತ್ತು. ದಯವಿಟ್ಟು ತರಿಸಿ. ಶಾಲನ್ನು ಇಲ್ಲೇ ಮಡಿಸಿಟ್ಟಿದ್ದೇನೆ. ದಾನಿಗಳು ಬೇಸರ ಮಾಡಿಕೊಳ್ಳಬೇಡಿ, ಮೊದಲ ಏಟು ನನ್ನ ಹೆಸರಿನ ಮೇಲೆಯೇ ಬೀಳುತ್ತದೆ. ಊಟ ಮುಗಿಸಿ ಕೈ ತೊಳೆಯುವವರು ನೀರನ್ನು ಬಕೆಟ್ಟಿಗೆ ಬಿಡಿ. ನಮ್ಮ ಯಜಮಾನರು ನನಗೆ ವಹಿಸಿಹೋದ ನೀರು ಇವತ್ತು ಬೇರಿಗೆ ಸೇರಲೇಬೇಕು. ಜೊತೆಗೆ ಬರುವವರಿಗೆಲ್ಲ ಈಗಲೇ ಧನ್ಯವಾದ ಹೇಳಿಬಿಡುತ್ತೇನೆ. ನಮಸ್ಕಾರ.