ಮೂರು ದಿನದ ಉಪ್ಪು

ಶರಣರೇ, ತಾಯಂದಿರೇ, ಹೋದ ವಾರ ಈ ಮಠದ ಪ್ರವಚನದಲ್ಲಿ ಅಹಂಕಾರದ ಬಗ್ಗೆ ಹೇಳಿದೆ. ಎಲ್ಲರೂ ಚೆನ್ನಾಗಿ ತಲೆ ಅಲ್ಲಾಡಿಸಿದಿರಿ. ಆಮೇಲೆ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಇಬ್ಬರು ಹಿರಿಯರು ನಿಂತು, "ಬುದ್ಧಿಯವರು ಇವತ್ತು ನಿನಗೇ ಹೇಳಿದ್ದು" ಎಂದು ಒಬ್ಬರಿಗೊಬ್ಬರು ಬೆರಳು ತೋರಿಸಿಕೊಂಡರಂತೆ. ಅದಕ್ಕೇ ಇವತ್ತು ಮನುಷ್ಯರ ತಂಟೆ ಬೇಡ, ಕುರಿಗಳ ಕಥೆ ಹೇಳುತ್ತೇನೆ. ಕುರಿ ಕಥೆಯಾದರೆ ಯಾರಿಗೂ ಬೇಜಾರಿಲ್ಲ. ನಮ್ಮಲ್ಲಿ ಕುರಿಗಳು ಯಾರೂ ಇಲ್ಲವಲ್ಲ!

ಬಯಲುನಾಡಿನ ಕಡೆ ಹಾಲಪ್ಪ ಎಂಬ ಕುರಿ ಸಾಹುಕಾರನಿದ್ದ. ಇಂಥ ಕಥೆಗಳಲ್ಲಿ ಹೆಸರು ಹೇಳುವ ಪದ್ಧತಿ ಇಲ್ಲ, ಗೊತ್ತು. ಆದರೆ ಹೆಸರಿಲ್ಲದಿದ್ದರೆ ನೀವು ಕೂಡಲೇ ಪಕ್ಕದ ಮನೆಯವನ ಹೆಸರು ಹಾಕಿಕೊಳ್ಳುತ್ತೀರಿ, ಅದಕ್ಕೆ ನಾನೇ ಇಟ್ಟೆ. ಜಾತಿ ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ಕಥೆಯನ್ನು ಇಲ್ಲೇ ಬಿಟ್ಟು ಜಾತಿಯನ್ನು ಹಿಡಿದುಕೊಂಡು ಮನೆಗೆ ಹೋಗುತ್ತೀರಿ.

ಹಾಲಪ್ಪ ಸಾಮಾನ್ಯನಲ್ಲ. ಊರವರೆಲ್ಲ ಕುರಿ ಹೊಡೆದುಕೊಂಡು ಎಂಟು ತಿಂಗಳು ಅಡವಿ ಅಲೆಯುತ್ತಿದ್ದ ಕಾಲದಲ್ಲಿ ಅವನು ಹೊಲದಲ್ಲಿ ಮೇವು ಬೆಳೆದು, ಕುರಿಗಳಿಗೆ ನೆಲದಿಂದ ಎತ್ತರಕ್ಕೆ ಅಟ್ಟದ ದೊಡ್ಡಿ ಕಟ್ಟಿಸಿದ. "ಕುರಿಗೆ ಮಹಡಿ ಮನಿ ಕಟ್ಸ್ಯಾನಂತ ನೋಡ್ರೋ!" ಎಂದು ಊರು ನಕ್ಕಿತು. ರೋಗ ಬರದಂತೆ ಕುರಿಗಳಿಗೆ ಸೂಜಿ ಮಾಡಿಸಿದ. ಆಗಲೂ ನಕ್ಕಿತು. ಆ ವರ್ಷ ರೋಗ ಬಂದು ಊರ ಹಿಂಡುಗಳೆಲ್ಲ ಸಾಯುತ್ತ ಬಂದಾಗ ಹಾಲಪ್ಪನ ದೊಡ್ಡಿಯಲ್ಲಿ ಒಂದು ಮರಿಯೂ ಸಾಯಲಿಲ್ಲ. ಅಲ್ಲಿಗೆ ನಗು ನಿಂತಿತು. ನಕ್ಕವರೇ ಬಂದು ಅಟ್ಟದ ಅಳತೆ ತೆಗೆದುಕೊಂಡು ಹೋದರು.

ಅವನ ದೊಡ್ಡ ಸಾಹಸ ಇನ್ನೊಂದು. ಎಲ್ಲೋ ಸಾವಿರ ಮೈಲಿ ಆಚೆಯಿಂದ, ಲಾರಿಯಲ್ಲಿ ಹುಲ್ಲು ಹಾಸಿ, ಪರದೇಶಿ ತಳಿಯ ಒಂದು ಟಗರು ತರಿಸಿದ. ಲಾರಿ ಬಂದ ದಿನ ಓಣಿಯಲ್ಲೆಲ್ಲ ನೀರು ಹಾಕಿಸಿದ. ಹೊಸ ಕಂಬಳಿ ಹಾಸಿಸಿದ. ಹೆಂಡತಿ ಕೆಂಚವ್ವ ಆರತಿ ಎತ್ತಿದಳು. ಟಗರು ಹೊಸ್ತಿಲು ದಾಟಿ, ಪಡಸಾಲೆಯಲ್ಲಿ ನಿಂತು, ಹಿಕ್ಕೆ ಹಾಕಿತು. ಹಾಲಪ್ಪ ಅದಕ್ಕೂ ಸಂತೋಷಪಟ್ಟ. ಊರವರು ಆ ಟಗರಿಗೆ "ಅಳಿಯ" ಎಂದೇ ಹೆಸರಿಟ್ಟರು. "ಅಳಿಯ ಉಂಡನೇನು? ಅಳಿಯಗ ಥಂಡಿ ಆಗೇತೇನು?" ಎಂದು ಹಾದಿಯಲ್ಲಿ ವಿಚಾರಿಸುತ್ತಿದ್ದರು.

ಆಮೇಲೆ ಹಾಲಪ್ಪನ ಭಾಷಣಗಳು ಶುರುವಾದವು. ನಾಲ್ಕು ಜಿಲ್ಲೆಗಳಲ್ಲಿ ಎಲ್ಲಿ ಕುರಿಗಾರರ ಸಭೆ ಇದ್ದರೂ ಅಲ್ಲಿ ಅವನ ಪೇಟ ಕಾಣುತ್ತಿತ್ತು. ಮೈಕು ಹಿಡಿದರೆ ಒಂದೇ ಮಾತು: "ಒಂದ ರಕ್ತದಾಗ ತಿರುಗಿದ ಹಿಂಡು ಕುಗ್ಗತೈತಿ. ಹೊರಗಿನ ರಕ್ತ ಬರಬೇಕು. ಬಂದ್ರ ಮರಿ ಗಟ್ಟಿ ಆಗ್ತಾವು. ಅಂಜಬ್ಯಾಡ್ರಿ, ಬಾಗಲಾ ತಗೀರಿ!" ಜನ ಚಪ್ಪಾಳೆ ಹೊಡೆದೇ ಹೊಡೆದರು. ನೋಡಿ, ಎಂಥ ಮಾತು! ಬಾಗಿಲು ತೆಗೆಯಿರಿ!

ಅವನ ಮಗ ಯಲಗೂರ ಈ ಭಾಷಣಗಳನ್ನು ಚಿಕ್ಕಂದಿನಿಂದ ಕೇಳಿದವನು. ಕೇಳಿ ನಂಬಿದವನು. ಪಾಪ, ತಂದೆಯ ಭಾಷಣ ನಂಬುವ ಮಕ್ಕಳೂ ಇರುತ್ತಾರೆ. ಒಂದು ದಿನ ಅವನು ಹುಲಿಗೆವ್ವ ಎಂಬ ಹುಡುಗಿಯ ಕೈ ಹಿಡಿದುಕೊಂಡು ಹಾರ ಹಾಕಿಕೊಂಡು ಮನೆ ಮುಂದೆ ಬಂದು ನಿಂತ. ಅವಳೇನು ಸಾವಿರ ಮೈಲಿ ಆಚೆಯವಳಲ್ಲ. ಅದೇ ಊರಿನ ಕೆರೆ ಆಚೆಗಿನ ಓಣಿಯವಳು. ಲಾರಿ ಬೇಕಾಗಿರಲಿಲ್ಲ, ನಡೆದೇ ಬಂದಿದ್ದಳು.

ಹಾಲಪ್ಪ ಬಾಗಿಲಿಗೆ ಅಡ್ಡ ನಿಂತ. "ನಮ್ಮ ರಕ್ತ ಕೆಡಸಾಕ ಹೊಂಟಿಯೇನಲೇ?" ಎಂದ. ಯಾವ ಬಾಯಿಂದ? ಅದೇ ಬಾಯಿಂದ! ಟಗರಿಗೆ ತೆರೆದ ಬಾಗಿಲು ಸೊಸೆಗೆ ಮುಚ್ಚಿತು. ಕೆಂಚವ್ವ ಆರತಿ ತಟ್ಟೆ ಹಿಡಿದು ಒಳಗೆ ನಿಂತೇ ಇದ್ದಳು, ಕುಂಕುಮದ ನೀರು ಹಾಗೇ ಆರಿತು.

ಗಂಡ ಹೆಂಡತಿ ದೊಡ್ಡಿಯ ಪಕ್ಕದ ಮೇವಿನ ಕೋಣೆಯಲ್ಲಿ ಸಂಸಾರ ಹೂಡಿದರು. ಅದಕ್ಕೆ ಹಾಲಪ್ಪ ಬೇಡ ಎನ್ನಲಿಲ್ಲ. ಯಾಕೆ ಎನ್ನಲಿ? ಹುಲಿಗೆವ್ವ ಬೆಳಕು ಹರಿಯುವ ಮೊದಲೇ ಎದ್ದು ಅಟ್ಟ ಗುಡಿಸುತ್ತಿದ್ದಳು, ಈದ ಕುರಿಗಳ ಬಾಣಂತನ ಮಾಡುತ್ತಿದ್ದಳು, ಹಾಲು ಸಾಲದ ಮರಿಗಳಿಗೆ ಬಾಟಲಿ ಹಿಡಿಯುತ್ತಿದ್ದಳು. ಅವಳು ಬಂದ ಮೇಲೆ ಹೆಚ್ಚು ಮರಿ ಉಳಿದವು. ಹಾಲಪ್ಪ ಅದನ್ನು ಗಮನಿಸಿದ್ದ. ಗಮನಿಸಿ, ಸಭೆಗಳಲ್ಲಿ "ಇದು ನನ್ನ ಹೊಸಾ ಪದ್ಧತಿ" ಎಂದು ಹೇಳುತ್ತಿದ್ದ. ಅವಳ ಕೆಲಸಕ್ಕೆ ಮೈಲಿಗೆ ಇರಲಿಲ್ಲ, ಅವಳಿಗೆ ಮಾತ್ರ ಇತ್ತು.

ಇನ್ನು ನೀರಿನ ವಿಷಯ ಕೇಳಿ. ದೊಡ್ಡಿಯ ತೊಟ್ಟಿಗೆ ನೀರು ತುಂಬುವವಳು ಹುಲಿಗೆವ್ವ. ಕುರಿಗಳು ಅದನ್ನೇ ಕುಡಿದವು. ಅಳಿಯ ಅದನ್ನೇ ಕುಡಿದ, ಕುಡಿದು ಮೀಸೆ ನೆಕ್ಕಿಕೊಂಡ. ಅವಕ್ಕೇನೂ ಆಗಲಿಲ್ಲ. ಹಾಲಪ್ಪ ಮಾತ್ರ ಸುಡುವ ಮಧ್ಯಾಹ್ನ, ನೋಯುವ ಮೊಣಕಾಲು ಎಳೆದುಕೊಂಡು, ಅವಳ ಗಡಿಗೆಯ ಮುಂದೆಯೇ ಹಾದು, ದೂರದ ತನ್ನ ಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದ. ದಿನಾ ನಾಲ್ಕು ಸಲ. ಮೂರು ವರ್ಷ! ಅಷ್ಟು ನಡೆದಿದ್ದರೆ ಕಾಶಿಗೆ ಹೋಗಿ ಬರಬಹುದಿತ್ತು.

ಮೂರನೇ ವರ್ಷ ಹುಲಿಗೆವ್ವ ಬಸುರಾದಳು. ಏಳು ತಿಂಗಳಾಯಿತು, ಸೀಮಂತದ ಕುಬುಸ ಮಾಡುವ ಹೊತ್ತು. ಕೆಂಚವ್ವ ಒಂದು ದಿನ ಧೈರ್ಯ ಮಾಡಿ ಗಂಡನಿಗೆ ಹೇಳಿದಳು: "ಚೊಚ್ಚಲ ಬಸರಿ. ಕುಬುಸ ಮನ್ಯಾಗ ಮಾಡೂಣ್ರಿ."

"ದೊಡ್ಡ್ಯಾಗ ಮಾಡ್ರಿ," ಎಂದ ಹಾಲಪ್ಪ. "ಅಲ್ಲೇನು ಜಾಗ ಕಡಿಮಿ ಐತೇನು?"

ಈ ಮಾತು ಯಲಗೂರನ ಕಿವಿಗೆ ಬಿತ್ತು. ಅವನು ಜಗಳ ಮಾಡಲಿಲ್ಲ. ತಂದೆಯ ಮುಂದೆ ನಿಂತು ಇಷ್ಟೇ ಹೇಳಿದ: "ಅಪ್ಪಾ, ಬರೂ ವಾರ ಕುರಿಗಾರರು ನಿನಗ ಮಾಡೂ ಸನ್ಮಾನ ಮುಗೀಲಿ. ಮರುದಿನ ನಾವು ಆಕಿ ಸ್ವಾದರಮಾವನ ಊರಿಗೆ ಹೊಕ್ಕೀವಿ. ನನ್ನ ಪಾಲಿನ ಕುರಿನೂ ಬ್ಯಾಡ. ನನ್ನ ಕೂಸು ಈ ಹೊಸ್ತಿಲ ಹೊರಗ ಹುಟ್ಟೂದು ಬ್ಯಾಡ."

ಹಾಲಪ್ಪನಿಗೆ ಒಬ್ಬನೇ ಮಗ. ಹುಟ್ಟಲಿರುವುದು ಮೊದಲ ಮೊಮ್ಮಗು. "ಹೋಗಬ್ಯಾಡೋ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅವನು ಪೇಟ ಸರಿ ಮಾಡಿಕೊಂಡು, "ಹೋಗ್ರಿ, ಯಾರು ಬ್ಯಾಡ ಅಂದ್ರು?" ಎಂದ.

ಸನ್ಮಾನದ ದಿನ ಬಂತು. ದೊಡ್ಡಿಯ ಮುಂದೆ ಶಾಮಿಯಾನ, ಕುರ್ಚಿ, ಮೈಕು. ನಾಲ್ಕು ಜಿಲ್ಲೆಯ ಕುರಿಗಾರರು ಬಂದಿದ್ದರು. ಬ್ಯಾನರಿನಲ್ಲಿ ಹಾಲಪ್ಪನ ಭಾವಚಿತ್ರ, ಪಕ್ಕದಲ್ಲಿ ಅಷ್ಟೇ ಗಾತ್ರಕ್ಕೆ ಅಳಿಯನ ಭಾವಚಿತ್ರ. ಮಗ ಸೊಸೆಯ ಸುಳಿವಿಲ್ಲ. ಅವರು ಮೇವಿನ ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದರು.

ಶಾಲು ಹೊದಿಸುವ ಮೊದಲು ಬಂದವರೆಲ್ಲ ಒಂದು ಕೋರಿಕೆ ಇಟ್ಟರು. ಮರಿ ಸತ್ತ ತಾಯಿಕುರಿಗೆ ಬೇರೆ ತಬ್ಬಲಿ ಮರಿಯನ್ನು ಒಗ್ಗಿಸುವುದರಲ್ಲಿ ಹಾಲಪ್ಪನ ಕೈ ಪಳಗಿದ್ದು, ಅದನ್ನು ಕಣ್ಣಾರೆ ನೋಡಬೇಕು ಎಂದರು. ಹಿಂದಿನ ದಿನವಷ್ಟೇ ಒಂದು ಕುರಿಯ ಮರಿ ಸತ್ತಿತ್ತು. ಆ ಕುರಿಯನ್ನು ತಂದರು. ತಾಯಿ ಇಲ್ಲದ, ಬೇರೆ ತಳಿಯ ಒಂದು ಬಿಳಿ ಮರಿಯನ್ನೂ ತಂದರು. ಮರಿ ಆಸೆಯಿಂದ ಕೆಚ್ಚಲಿಗೆ ಬಾಯಿ ಹಾಕಲು ಹೋಯಿತು. ಕುರಿ ಒಮ್ಮೆ ಮೂಸಿ, ತಲೆ ತಗ್ಗಿಸಿ, ಫಡ್ ಎಂದು ಗುದ್ದಿತು. ಮರಿ ಉರುಳಿ ಬಿತ್ತು. ಎದ್ದು ಮತ್ತೆ ಬಂತು. ಮತ್ತೆ ಗುದ್ದಿತು.

"ನೋಡ್ರೀ," ಎಂದ ಹಾಲಪ್ಪ ಮೈಕಿನಲ್ಲಿ. "ಕೆಚ್ಚಲಾ ಬಿಗದು ನೋವಾಗಾಕಹತ್ತೈತಿ. ಮರಿ ಹಸದು ಸಾಯಾಕಹತ್ತೈತಿ. ಆದ್ರೂ ಇದು ಬಿಡಂಗಿಲ್ಲ. ಯಾಕ? ವಾಸನಿ ಬ್ಯಾರೆ ಅಂತ! ಇದಕ್ಕ ತಿಳುವಳಿಕಿ ಇಲ್ಲರೀ, ಕುರಿ ಇದು. ಯಾರಲ್ಲಿ, ಉಪ್ಪು ತರ್ರಿ!"

ಉಪ್ಪು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ. ಹುಲಿಗೆವ್ವ ಕಟ್ಟುತ್ತಿದ್ದ ಗಂಟು ಬಿಟ್ಟು, ಬಟ್ಟಲಲ್ಲಿ ಉಪ್ಪು ಹಿಡಿದು, ಭಾರದ ಹೊಟ್ಟೆ ಹೊತ್ತು ಸಭೆಯ ನಡುವೆ ಬಂದಳು. ಮಾವನ ಮುಂದೆ ಚಾಚಿದಳು.

"ಕೆಳಗ ಇಡು," ಎಂದ ಹಾಲಪ್ಪ, ಮೆಲ್ಲಗೆ. ಮೈಕು ಬಾಯಿಯ ಹತ್ತಿರವೇ ಇತ್ತು. ಶಾಮಿಯಾನದ ನಾಲ್ಕೂ ಮೂಲೆಗೆ ಕೇಳಿಸಿತು: ಕೆಳಗ ಇಡು! ಅವಳು ಅಲ್ಲಿದ್ದ ಕಲ್ಲಿನ ಮೇಲೆ ಬಟ್ಟಲಿಟ್ಟು ಹಿಂದೆ ಸರಿದಳು.

ಹಾಲಪ್ಪ ಉಪ್ಪಿಗೆ ನೀರು ಚಿಮುಕಿಸಿ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದ. ಕುರಿಯ ತಲೆ ಹಿಡಿದು ಮರಿಯ ಹತ್ತಿರ ತಂದ. ಕುರಿ ಮೂಸಿತು, ಸೀನಿತು, ಒಂದು ಸಲ ನೆಕ್ಕಿತು. ಮತ್ತೊಂದು ಸಲ ನೆಕ್ಕಿತು. ಆಮೇಲೆ ನೆಕ್ಕುತ್ತಲೇ ಇತ್ತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು, ಕುರಿ ಅಲ್ಲಾಡದೆ ನಿಂತಿತು.

"ನೋಡಿದ್ರ್ಯಾ? ಮೂರು ದಿನ ಹಿಂಗ ಮಾಡ್ರಿ. ಮೂರ ದಿನ! ನಾಕನೇ ದಿನ, ಇದು ನಂದ ಕೂಸು ಅಂತ ಮ್ಯಾಲ ಬಿದ್ದು ಹಾಲು ಕುಡಸತೈತಿ. ಇಂಥಾ ದಡ್ಡ ಪ್ರಾಣಿಗೆ ಮೂರು ದಿನ ಸಾಕು!"

ಚಪ್ಪಾಳೆಯೋ ಚಪ್ಪಾಳೆ. ಅದು ನಿಲ್ಲುವ ಹೊತ್ತಿಗೆ ಹೆಂಗಸರ ಕಡೆಯಿಂದ ಒಂದು ದನಿ ಬಂತು. ಕೆಂಚವ್ವ ಎದ್ದು ನಿಂತಿದ್ದಳು. ಜನ್ಮದಲ್ಲಿ ಸಭೆಯಲ್ಲಿ ಬಾಯಿ ಬಿಟ್ಟವಳಲ್ಲ.

"ಕುರಿಗೆ ಮೂರು ದಿನ ಅಂತೀರಿ. ಆಕಿ ಬಂದು ಮೂರು ವರ್ಸ ಆತು. ನಿಮಗ ಎಷ್ಟು ಸೇರು ಉಪ್ಪು ಬೇಕು ಹೇಳ್ರಿ, ನಾ ತರ್ತೀನಿ."

ಯಾರೋ ಹಿಂದೆ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ಹಾಲಪ್ಪ ಅಂಗೈಯಲ್ಲಿ ಅಂಟಿದ ಉಪ್ಪು ನೋಡಿಕೊಂಡ. ಕುರಿಯ ಕಡೆ ನೋಡಿದ. ಕುರಿ ಕಣ್ಣು ಮುಚ್ಚಿ ಮರಿಯನ್ನು ನೆಕ್ಕುತ್ತಿತ್ತು. ಮೂವತ್ತು ವರ್ಷ ಕುರಿಗಳಿಗೆ ಬುದ್ಧಿ ಕಲಿಸಿದವನಿಗೆ, ಈ ಒಂದು ಕುರಿಯ ಮುಂದೆ ನಿಲ್ಲಲು ನಾಚಿಕೆಯಾಯಿತು. ನಿಜವಾದ ನಾಚಿಕೆ, ಕಿವಿ ಬಿಸಿಯಾಗುವಂಥದ್ದು.

"ನೀರು," ಎಂದ. ವೇದಿಕೆಯವರು ಓಡಿಬಂದು ಸೀಲು ಒಡೆಯದ ಬಾಟಲಿ ಕೊಟ್ಟರು. ಅವನು ಅದನ್ನು ಸರಿಸಿ, ಸೊಸೆಯ ಕಡೆ ತಿರುಗಿ, "ಯವ್ವಾ, ನಿನ್ನ ಗಡಿಗ್ಯಾಗಿಂದ ಒಂದು ತಂಬಿಗಿ ತಾರವ್ವಾ" ಎಂದ.

ಹುಲಿಗೆವ್ವ ಹೋದಳು, ತಂದಳು. ಆದರೆ ಕೈಗೆ ಕೊಡಲಿಲ್ಲ. ಅದೇ ಕಲ್ಲಿನ ಮೇಲೆ, ಅದೇ ಬಟ್ಟಲಿನ ಪಕ್ಕ, ತಂಬಿಗೆ ಇಟ್ಟು ಸೆರಗು ಸರಿಮಾಡಿಕೊಂಡು ನಿಂತಳು. ಮೂರು ವರ್ಷದ ಪಾಠ ಅಲ್ಲವೇ? ಚೆನ್ನಾಗಿಯೇ ಕಲಿತಿದ್ದಳು. ಇಡೀ ಸಭೆ ಆ ತಂಬಿಗೆಯನ್ನೇ ನೋಡುತ್ತಿತ್ತು. ಹಾಲಪ್ಪ ಎರಡೂ ಕೈ ಚಾಚಿದ. "ತಪ್ಪಾತವ್ವಾ. ಕೈಯಾಗ ಕೊಡು."

ಅವಳು ಸ್ವಲ್ಪ ಹೊತ್ತು ಕಾಯಿಸಿದಳು. ಕಾಯಿಸಲಿ ಬಿಡಿ, ಅವಳ ಹಕ್ಕು. ಆಮೇಲೆ ಕೈಯಲ್ಲಿ ಕೊಟ್ಟಳು. ಅವನು ಗಟಗಟ ಕುಡಿದ. ಕುಬುಸ ಎಲ್ಲಿ ಆಯಿತು ಎಂದು ಕೇಳುತ್ತೀರಾ? ಪಡಸಾಲೆಯಲ್ಲಿ, ಅಳಿಯನಿಗೆ ಹಾಸಿದ್ದ ಕಂಬಳಿಯ ಮೇಲೆ. ತೊಳೆದು ಹಾಸಿದ್ದರು, ಗಾಬರಿಯಾಗಬೇಡಿ.

ನಗುತ್ತಿದ್ದೀರಿ. ನಗಿ. ಹಾಲಪ್ಪನನ್ನು ಕಂಡು ನಗುವುದು ಸುಲಭ. ಈಗ ನಿಮ್ಮ ಮನೆಗೆ ಬರೋಣವೇ? ನಿಮ್ಮ ಅಡುಗೆಮನೆಯ ಹಿಂದಿನ ಕಿಟಕಿಯಲ್ಲಿ ಕವುಚಿ ಇಟ್ಟ ಒಂದು ಲೋಟ ಇದೆಯಲ್ಲ, ಅದು ಯಾರದು? ನಿಮ್ಮ ಹೊಲದಲ್ಲಿ ಕಳೆ ತೆಗೆಯುವವಳು ಬಂದರೆ ನೀರನ್ನು ಮೇಲಿಂದ ಹೊಯ್ಯುತ್ತೀರಲ್ಲ, ಯಾಕೆ? ಅವಳು ಕಿತ್ತ ಶೇಂಗಾ ತಿನ್ನುತ್ತೀರಿ, ಅವಳು ಮುಟ್ಟಿದ ತಂಬಿಗೆ ತೊಳೆಯುತ್ತೀರಿ. ಕುರಿಯಾದರೂ ಮೂಸಿ ನೋಡಿ ಗುದ್ದುತ್ತದೆ. ನೀವು ಮೂಸುವುದೂ ಇಲ್ಲ, ಅಡ್ಡಹೆಸರು ಕೇಳಿಯೇ ಗುದ್ದುತ್ತೀರಿ. ಇವತ್ತು ಮನೆಗೆ ಹೋದ ಕೂಡಲೇ ಆ ಲೋಟವನ್ನು ಒಳಗಿನ ಲೋಟಗಳ ಜೊತೆ ಇಡಿ. ನಾಳೆ ಅವಳು ಬಂದಾಗ ಕೈಯಲ್ಲಿ ಕೊಡಿ, ಅವಳ ಕೈಯಿಂದ ಇಸಿದುಕೊಳ್ಳಿ. ಮೂರು ದಿನ ಕಷ್ಟವಾಗುತ್ತದೆ. ನಾಲ್ಕನೇ ದಿನ ಮರೆತುಹೋಗುತ್ತದೆ.

ನಾನೇನು ಸಾಚಾ ಎಂದುಕೊಳ್ಳಬೇಡಿ. ಈ ಮಠದ ಹಿತ್ತಲಲ್ಲಿ ಇಪ್ಪತ್ತು ವರ್ಷದಿಂದ ನಿಮ್ಮ ಎಂಜಲು ಪಾತ್ರೆ ತಿಕ್ಕುವ ನಾಲ್ವರು ತಾಯಂದಿರಿದ್ದಾರೆ. ಅವರನ್ನು ಒಂದು ದಿನವೂ ಪಂಕ್ತಿಯಲ್ಲಿ ಬಡಿಸಲು ಬಿಡಲಿಲ್ಲ. ನಾನು ನೋಡಿಯೂ ಸುಮ್ಮನಿದ್ದೆ. ವಾರವಾರ ಪ್ರವಚನ ಹೇಳುತ್ತ ಸುಮ್ಮನಿದ್ದೆ! ಇವತ್ತು ಪ್ರಸಾದಕ್ಕೆ ಎಲೆ ಹಾಕಿಯಾಗಿದೆ. ಎಲೆಯ ಮೇಲೆ ಮೊದಲು ಬೀಳುವುದು ಏನು? ಉಪ್ಪು. ಆ ಉಪ್ಪನ್ನು ಇವತ್ತು ಆ ನಾಲ್ವರು ಬಡಿಸುತ್ತಾರೆ, ಆಮೇಲೆ ಅನ್ನವನ್ನೂ ಅವರೇ ಬಡಿಸುತ್ತಾರೆ. ಯಾರಿಗಾದರೂ ತಟ್ಟನೆ ಮನೆಯಲ್ಲಿ ಕೆಲಸ ನೆನಪಾದರೆ ಬಾಗಿಲು ತೆರೆದಿದೆ, ಹೋಗಬಹುದು. ಆದರೆ ಹೋಗುವವರು ಹಾಲಪ್ಪನ ಕಥೆ ಕೇಳಿ ನಕ್ಕ ನಗುವನ್ನು ಇಲ್ಲೇ ವಾಪಸು ಕೊಟ್ಟು ಹೋಗಿ.

ಮೊದಲ ಎಲೆಗೆ ನಾನು ಕೂರುತ್ತೇನೆ. ಕೈ ತೊಳೆದುಕೊಂಡು ಬನ್ನಿ.