ಕೊನೆಯ ನಟ್ಟು ಬಿಗಿಯುವ ಮೊದಲು

ದೆವ್ವಕ್ಕೆ ರಾತ್ರಿಯೇ ಆಗಬೇಕೆಂದು ನಿಮಗೆ ಯಾರು ಹೇಳಿದ್ದು? ಲೈಟು ಆರಿಸಿಯೇ ಕೇಳ್ತೀರಾದರೆ ಆರಿಸಿ, ನನಗೇನೂ ಇಲ್ಲ. ಆದರೆ ಇದು ನಡೆದದ್ದು ನಡು ಮಧ್ಯಾಹ್ನ, ಮಸ್ಕತ್ತಿನ ಬಿಸಿಲಿನಲ್ಲಿ. ನನ್ನ ದೊಡ್ಡಪ್ಪನ ಮಗ ನೊರ್ಬರ್ಟನ ಕಣ್ಣೆದುರು. ಅವನು ಭೂತ ಪ್ರೇತ ಎಂದರೆ ಮೂಗು ಮುರಿಯುವ ಜನ. ಅದಕ್ಕೇ ನಾನು ನಂಬುವುದು.

ಎಂಬತ್ತೇಳೋ ಎಂಬತ್ತೆಂಟೋ ಇರಬೇಕು. ನೊರ್ಬರ್ಟ್ ವಾದಿ ಕಬೀರಿನ ಒಂದು ಗ್ಯಾರೇಜಿನಲ್ಲಿ ಸೂಪರ್‌ವೈಸರ್. ಕಾಪು ಕಡೆಯ ಕೊರಗಪ್ಪ ಅಲ್ಲಿ ಮೆಕ್ಯಾನಿಕ್. ಇಬ್ಬರಿಗೂ ಗ್ಯಾರೇಜಿನ ಹಿಂದೆ ಒಂದೇ ರೂಮು. ಅವರ ಕಫೀಲ್, ಅಂದರೆ ವೀಸಾ ಕೊಟ್ಟು ಪಾಸ್‌ಪೋರ್ಟ್ ತನ್ನ ಹತ್ತಿರ ಇಟ್ಟುಕೊಳ್ಳುವ ಅರಬಿ ಧಣಿ, ಹರಾಜಿನಲ್ಲಿ ಒಂದು ಹಳೇ ಮಿಲಿಟರಿ ಜೀಪು ಹಿಡಿದು ತಂದಿದ್ದ. ಅವನ ಅಪ್ಪ ಸೈನ್ಯದಲ್ಲಿದ್ದಾಗ ಓಡಿಸುತ್ತಿದ್ದದ್ದು ಅಂಥದ್ದೇ ಜೀಪಂತೆ, ಈದ್ ಹಬ್ಬಕ್ಕೆ ಮುದುಕನನ್ನು ಅದರಲ್ಲಿ ಕೂರಿಸಬೇಕೆಂದು ಆಸೆ. ಸಸ್ಪೆನ್ಶನ್ ಮಾತ್ರ ಪೂರ್ತಿ ಕುಲಗೆಟ್ಟಿತ್ತು. ಕೊರಗಪ್ಪ ಸ್ಪ್ರಿಂಗಿನ ಒಂದೊಂದೇ ಉಕ್ಕಿನ ಪ್ಲೇಟು ಬಿಚ್ಚಿ, ತುಕ್ಕು ಉಜ್ಜಿ, ಮುರಿದಲ್ಲಿ ಹೊಸದು ಹಾಕಿ ಜೋಡಿಸುತ್ತಿದ್ದ. ಇದು ಮುಗಿದರೆ ಅವನಿಗೆ ಊರಿಗೆ ರಜೆ. ಹೆಂಡತಿ ವಸಂತಿ ಕಾಮಾಲೆಯಾಗಿ ಆಸ್ಪತ್ರೆಯಲ್ಲಿದ್ದಳು, ಮನೆಯಲ್ಲಿ ಸಣ್ಣ ಮಗಳು. "ಹೋಗಿ ಒಮ್ಮೆ ಅವಳ ಮುಖ ನೋಡಿದರೆ ಸಾಕು" ಅಂತ ಅವನದು ಒಂದೇ ಜಪ.

ಅವತ್ತು ಬೆಳಿಗ್ಗೆ ವಸಂತಿಯ ಅಣ್ಣನ ಫೋನು ಬಂತು. ವಸಂತಿ ತೀರಿಹೋಗಿದ್ದಳು. ಮಳೆಗಾಲ, ಇಟ್ಟು ಕಾಯಲಿಕ್ಕಾಗುವುದಿಲ್ಲ, ಸಂಜೆಯೇ ಸುಡುತ್ತೇವೆ ಅಂದ.

ಗಲ್ಫಿನಲ್ಲಿ ನಮ್ಮವರದ್ದೊಂದು ಕ್ರಮ ಉಂಟು. ಊರಿನ ಸಾವಿನ ಸುದ್ದಿಯನ್ನು ಪಾಸ್‌ಪೋರ್ಟ್ ಕೈಗೆ ಬರುವ ತನಕ ಹೇಳುವುದಿಲ್ಲ. ಹೇಳಿದರೆ ಆ ಮನುಷ್ಯ ಎಲ್ಲಿ ತಲೆ ಚಚ್ಚಿಕೊಳ್ಳಬೇಕು? ಕೊರಗಪ್ಪನ ಪಾಸ್‌ಪೋರ್ಟ್ ದೂರದ ಬುರೈಮಿ ಊರಿನಲ್ಲಿ ಕಫೀಲನ ಹತ್ತಿರ ಇತ್ತು. ಪಾಪ, ಕೇಳಿದ ಕೂಡಲೇ ಕಫೀಲ್ ಅದನ್ನು ಹಿಡಿದು ಕಾರು ಹತ್ತಿದ. ಆದರೂ ತಲುಪುವಾಗ ಸಂಜೆ. ಅಲ್ಲಿವರೆಗೆ ನೊರ್ಬರ್ಟ್ ಹೇಳಿದ್ದು ಇಷ್ಟೇ, "ವಸಂತಿಗೆ ಸ್ವಲ್ಪ ಜಾಸ್ತಿಯಂತೆ. ಇವತ್ತು ರಾತ್ರಿಯೇ ಹೊರಡು." ಕೆಲಸ ಮುಗಿಸಿಯೇ ಹೊರಡುವುದೆಂದು ಕೊರಗಪ್ಪ ಜೀಪಿನ ಅಡಿಗೆ ನುಗ್ಗಿದ.

ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ ವಾದಿ ಕಬೀರಿನಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಟಿಕೆಟ್ ಮಾಡಿಸಿ ನೊರ್ಬರ್ಟ್ ನಡೆದು ಬರುತ್ತಿದ್ದ. ದಾರಿಯಲ್ಲಿ ಒಂದು ಬತ್ತಿದ ಬಾವಿ. ಅದರೊಳಗೆ ತಗಡಿನ ಬಾಲ್ದಿ ಕಲ್ಲಿಗೆ ತಾಗುತ್ತಿತ್ತು. ಟಣ್... ಟಣ್... ಗಾಳಿ ಇರಲಿಲ್ಲ. ಅವನು ಬೇಗ ಬೇಗ ಹೆಜ್ಜೆ ಹಾಕಿದ.

ಗ್ಯಾರೇಜಿನ ಹತ್ತಿರ ಸ್ಪ್ಯಾನರಿನ ಸದ್ದು. ಕಿರ್... ಕಿರ್... ಕಟ್. ಆಮೇಲೆ ಕೊರಗಪ್ಪನ ಸ್ವರ, ತುಳುವಿನಲ್ಲಿ, ಮೆಲ್ಲಗೆ.

"ಇನ್ನು ಸ್ವಲ್ಪ ಕೂತುಕೋ. ಇಳಿಯಬೇಡ."

ಪ್ಲೇಟಿನ ಬೋಲ್ಟುಗಳನ್ನು ಗಾಡಿ ಎತ್ತಿ ಇಟ್ಟಿರುವಾಗ ಪೂರ್ತಿ ಬಿಗಿಯುವುದಿಲ್ಲ. ಚಕ್ರದ ಮೇಲೆ ಇಳಿಸಿ, ಸೀಟಿನಲ್ಲಿ ಯಾರನ್ನಾದರೂ ಕೂರಿಸಿ, ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ಗಾಡಿ ಸರಿಯಾಗಿ ಕೂರುವುದಿಲ್ಲ. ಕೆಲಸದವನು ಯಾರೋ ಕೂತಿರಬೇಕೆಂದು ನೊರ್ಬರ್ಟ್ ಒಳಗೆ ಹೋದ.

ಸೀಟು ಖಾಲಿ.

ಆದರೆ ಜೀಪು ಆ ಬದಿಗೆ ಎರಡು ಬೆರಳಿನಷ್ಟು ಬಗ್ಗಿತ್ತು. ನೋಡುತ್ತಿದ್ದಂತೆ ಪ್ಲೇಟು ಕೀಂ... ಎಂದಿತು. ಮೇಲೆ ಕೂತವರು ಸೆರಗು ಸರಿ ಮಾಡಲು ಅತ್ತಿತ್ತ ಸರಿದರೆ ಆಗುತ್ತದಲ್ಲ, ಅಷ್ಟೇ ಸದ್ದು.

"ಕೊರಗಪ್ಪ... ಮೇಲೆ ಯಾರು?"

ಅಡಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು.

"ವಸಂತಿ. ಮೆಲ್ಲ ಮಾತಾಡಿ, ಪೊರ್ಬುಗಳೇ." ತುಳುವರು ನಮ್ಮ ಕ್ರಿಶ್ಚಿಯನರನ್ನು ಕರೆಯುವುದು ಹಾಗೆ. "ಅವಳ ಬಳೆ ಸದ್ದು ನನಗೆ ಗೊತ್ತಾಗುವುದಿಲ್ವಾ? ಎಷ್ಟು ಹೊತ್ತಿಗೆ ಹೋದದ್ದು?"

ಇನ್ನು ಏನಂತ ಮುಚ್ಚಿಡುವುದು? "ಬೆಳಿಗ್ಗೆ" ಅಂದ ನೊರ್ಬರ್ಟ್.

"ಒಂದು ನಟ್ಟು ಬಾಕಿ ಉಂಟು. ಅದು ಬಿಗಿಯಾದರೆ ಇವಳಿಗೆ ಇಲ್ಲಿ ಕೆಲಸ ಇಲ್ಲ, ಇಳಿದು ಹೋಗ್ತಾಳೆ... ನನಗೆ ಕೈ ಬರುವುದಿಲ್ಲ."

ನೊರ್ಬರ್ಟ್ ಸಿಮೆಂಟಿನ ಮೇಲೆ ಮಲಗಿ ಅಡಿಗೆ ನೋಡಿದ. ಗ್ರೀಸು ಮೆತ್ತಿದ ಕೈಯಲ್ಲಿ ಸ್ಪ್ಯಾನರು ನಟ್ಟಿನ ಮೇಲೆಯೇ ಇತ್ತು. ಕೊರಗಪ್ಪನ ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ತನ್ನ ಅಪ್ಪ ಸತ್ತಾಗಲೂ ಅಷ್ಟು ಸಂಕಟ ಆಗಿರಲಿಲ್ಲ ಅಂತ ನೊರ್ಬರ್ಟ್ ಈಗಲೂ ಹೇಳುತ್ತಾನೆ.

"ಊರಲ್ಲಿ ಮಗು ಒಬ್ಬಳೇ ಇದ್ದಾಳೆ, ಕೊರಗಪ್ಪ" ಎಂದ. "ಇವಳನ್ನು ಬಿಡು."

ಕೊರಗಪ್ಪ ತೋಳಿನಿಂದ ಕಣ್ಣು ಒರೆಸಿಕೊಂಡ. ಮತ್ತೆ ಮೇಲಕ್ಕೆ ಮುಖ ಮಾಡಿ, "ವಸಂತಿ, ನಾನು ಬರುವಾಗ ತಡವಾಯಿತು ಮಾರಾಯ್ತಿ" ಎಂದ. ಕೈ ತಿರುಗಿಸಿದ.

ಕಿರ್... ಕಿರ್... ಕಟ್.

ಬಳೆ ಛಿಣ್ ಅಂದದ್ದು ನೊರ್ಬರ್ಟನಿಗೂ ಕೇಳಿತು. ಜೀಪು ಮೆಲ್ಲ ಎದ್ದು ಸಮ ನಿಂತಿತು. ಆಗ ಕೊರಗಪ್ಪ ಬಾಯಿ ಬಿಟ್ಟು ಅತ್ತ.

ಸಂಜೆ ಪಾಸ್‌ಪೋರ್ಟ್ ಬಂತು, ಅವನು ಹೋದ. ಅಲ್ಲಿ ಅವನಿಗೆ ಸಿಕ್ಕಿದ್ದು ಬೂದಿ ಮಾತ್ರ.

ಮುಂದಿನ ರಜೆಯಲ್ಲಿ ನೊರ್ಬರ್ಟ್ ಅವರ ಮನೆಗೆ ಹೋಗಿದ್ದ. ಗ್ಯಾರೇಜಿನ ಸಂಗತಿ ಕೊರಗಪ್ಪ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ವಸಂತಿಯ ಅಕ್ಕ ಸುಂದರಿ ಚಾ ಕೊಡುತ್ತಾ, ಕೇಳದೆಯೇ ಹೇಳಿದಳಂತೆ. ಅವತ್ತು ಸಂಜೆ ಸುಡುವ ಮೊದಲು ತಂಗಿಯನ್ನು ಮೀಯಿಸಿದ್ದು ಇವಳೇ. ಮೀಯಿಸುವಾಗ ನೋಡಿದರೆ ಎರಡೂ ಅಂಗೈಯಲ್ಲಿ ಕಪ್ಪು ಗ್ರೀಸು.

"ಸಾಬೂನು ಹಾಕಿ ತಿಕ್ಕಿದೆ, ಹೋಗಲಿಲ್ಲ" ಅಂದಳು. "ಹಾಗೆಯೇ ಕಳಿಸಿದೆವು."

ನೊರ್ಬರ್ಟ್ ಈಗಲೂ ಮಸ್ಕತ್ತಿನಲ್ಲಿ, ಅಲ್ ಅಜೈಬಾದಲ್ಲೇ ಇದ್ದಾನೆ. ಬೇಕಾದರೆ ಹೋಗಿ ಕೇಳಿ.